ಬೆರಳುದ್ದದ ಕಡ್ಡಿಯಲ್ಲಿ ಚಿಗವ್ವನ ಭಾಷಣ

ಟಿ.ವಿ.ಯ ಬೆನ್ನಿಗೆ ಚುಚ್ಚುವ ಬೆರಳುದ್ದದ ಆ ಕಪ್ಪು ಕಡ್ಡಿಯನ್ನು ನಾನು ಇನ್ನೂ ಬಿಸಾಡಿಲ್ಲ. ಕಲಬುರಗಿಯ ನನ್ನ ಮನೆಯಲ್ಲಿ, ಕರಪತ್ರಗಳ ಕಟ್ಟು ಮತ್ತು ಮನವಿಪತ್ರಗಳ ಪ್ರತಿಗಳು ತುಂಬಿರುವ ಮೇಜಿನ ಖಾನೆಯಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಳಗೆ ಅದು ಮಲಗಿದೆ. ಒಂದು ಮೂಲೆ ಕಾವಿಗೆ ಬಣ್ಣಗೆಟ್ಟಿದೆ. ಕೈಗೆತ್ತಿಕೊಂಡಾಗಲೆಲ್ಲ ಕಮಲಾಪುರದ ಒಂದು ಮಧ್ಯಾಹ್ನ ನೆನಪಾಗುತ್ತದೆ. ಜೊತೆಗೆ ನಾನು ಮಾಡಿದ ಒಂದು ತಪ್ಪೂ ನೆನಪಾಗುತ್ತದೆ. ಸುತ್ತಲಿನ ತಪ್ಪುಗಳನ್ನು ಹೆಸರಿಟ್ಟು ಹೇಳುವುದನ್ನೇ ಬದುಕಿನ ಕೆಲಸವಾಗಿಸಿಕೊಂಡವಳು ನಾನು. ಇದೊಂದನ್ನು ಹೇಳದೆ ಬಿಟ್ಟರೆ ಉಳಿದವುಗಳನ್ನು ಹೇಳುವ ಹಕ್ಕು ನನಗೆ ಉಳಿಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕಾಲೇಜಿನ ಪಾಠದಿಂದ ನಿವೃತ್ತಳಾದಾಗ ನಮ್ಮ ಮಹಿಳಾ ಬಳಗದ ಗೆಳತಿಯರು ಸೇರಿ ಈ ಕಡ್ಡಿಯನ್ನು ಉಡುಗೊರೆ ಕೊಟ್ಟರು. ಹಳೆಯ ಟಿ.ವಿ.ಗೆ ಸಿಕ್ಕಿಸಿ ಮನೆಯ ವೈಫೈಗೆ ಜೋಡಿಸಿದರೆ ಸಿನಿಮಾ, ಸಂಗೀತ, ಸುದ್ದಿ ಎಲ್ಲವೂ ಅಂತರ್ಜಾಲದಿಂದ ಹರಿದು ಬರುತ್ತವೆ ಎಂದರು. ಬಂದದ್ದು ನಿಜ. ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ಜಾಹೀರಾತು. ಪರದೆಯ ಬಹುಭಾಗವನ್ನು ನಾನು ಕೇಳದ ಧಾರಾವಾಹಿಗಳು, ನನಗೆ ಬೇಡದ ಮುಲಾಮುಗಳು ಆಕ್ರಮಿಸಿದ್ದವು. ರಿಮೋಟಿನ ಗುಂಡಿಗಳ ಮೇಲೂ ಕಂಪನಿಗಳ ಹೆಸರು ಅಚ್ಚಾಗಿದ್ದವು; ನನ್ನದೇ ವಿಡಿಯೊ ತೆರೆಯುವ ಗುಂಡಿ ಒಂದೂ ಇರಲಿಲ್ಲ. ನಾನು ಏನು ನೋಡಿದೆ, ಎಲ್ಲಿ ನಿಲ್ಲಿಸಿದೆ ಎಂಬುದನ್ನು ಆ ಯಂತ್ರ ಯಾರಿಗೋ ವರದಿ ಮಾಡುತ್ತಿತ್ತು. ಕೊಂಡವರ ಮನೆಯ ಗೋಡೆಯನ್ನು ಮಾರುವವರು ತಮ್ಮ ಫಲಕವಾಗಿ ಬಳಸುವುದು ಅನ್ಯಾಯ. ಒಪ್ಪಿಗೆಯನ್ನು ಪುಟಗಟ್ಟಲೆ ಇಂಗ್ಲಿಷಿನಲ್ಲಿ ಹೂತಿಟ್ಟು ಕೇಳುವುದು ಇನ್ನೊಂದು ಅನ್ಯಾಯ. ಇದನ್ನು ಬಳಗದ ಸಭೆಯಲ್ಲಿ ಹೇಳಿದಾಗ ಗೆಳತಿಯೊಬ್ಬಳು ನಕ್ಕುಬಿಟ್ಟಳು.

"ಉಡುಗೊರಿ ಕೊಟ್ರ ಅದಕ್ಕೂ ಒಂದ್ ಮನವಿಪತ್ರ ಬರೀತಿ ಏನವಾ?"

ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯೊಂದರಲ್ಲಿ ಟಿ.ವಿ. ದುರಸ್ತಿ ಮಾಡುವವರೊಬ್ಬರಿದ್ದರು. ಓಣಿಯವರೆಲ್ಲ ಅವರನ್ನು ಭಾಯಿ ಎನ್ನುತ್ತಿದ್ದರು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಬಂದವರ ಮಾತು. ಅವರ ಮಗಳಿಗೆ ನಾನು ಪಾಠ ಹೇಳಿದ್ದರಿಂದ ನನಗೆ ಅಕ್ಕೋರು ಎಂಬ ಗೌರವ ಸಲ್ಲುತ್ತಿತ್ತು. ಕಡ್ಡಿಯನ್ನು ಅವರ ಮುಂದಿಟ್ಟು ನನ್ನ ದೂರನ್ನೆಲ್ಲ ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಅಕ್ಕೋರೆ, ಖರೇ ಹೇಳ್ಲೇನ್ರೀ? ಇದು ನಿಮ್ದು ಅಲ್ಲ. ಕಂಪನೀದು ಅದ. ನೀವು ಬರೇ ಕರೆಂಟ್ ಕೊಡೋರು."

"ಹಂಗಾದ್ರ ಇದನ್ನ ನಂದು ಮಾಡ್ಕೊಳ್ಳೂದು ಹೆಂಗ್ರೀ, ಭಾಯಿ?"

"ಆಜಾದಿ ಬೇಕೇನ್ರೀ?" ಎಂದು ಅವರು ನಕ್ಕರು. "ಕೊಡಸ್ತೀನಿ. ಆದ್ರ ಭಾಷಣ ಮಾಡಬ್ಯಾಡ್ರಿ. ಐದ್ ನಿಮಿಷ ಸುಮ್ ಕೂಡ್ರಿ."

ಅವರು ಹಾಕಿಕೊಟ್ಟದ್ದು ಒಂದು ಮುಕ್ತ ತಂತ್ರಾಂಶ. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಕುಳಿತವರು ಕೂಡಿ ಬರೆದದ್ದು. ಯಾರು ಬೇಕಾದರೂ ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ನಮ್ಮಲ್ಲಿರುವ ವಿಡಿಯೊ, ಹಾಡು, ಚಿತ್ರಗಳನ್ನೆಲ್ಲ ಗ್ರಂಥಾಲಯದಂತೆ ಜೋಡಿಸಿ ಟಿ.ವಿ.ಯಲ್ಲಿ ತೋರಿಸುವುದು ಅದರ ಕೆಲಸ. ಹಾಕುವಾಗ ಪರದೆಯ ಮೇಲೆ 'ಅಪರಿಚಿತ ಮೂಲ, ಅಪಾಯ' ಎಂಬರ್ಥದ ಎಚ್ಚರಿಕೆ ಬಂತು. "ನೋಡ್ರಿ, ಅಂಜಸಾಕತ್ತದ," ಎಂದು ಭಾಯಿ ಒಪ್ಪಿಗೆಯ ಗುಂಡಿ ಒತ್ತಿದರು.

ಐದು ನಿಮಿಷ ಎಂದದ್ದು ಮೂರು ಮಧ್ಯಾಹ್ನಗಳಾದವು. ಕಡ್ಡಿಯ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಇದ್ದ ಜಾಗವನ್ನು ತೆಗೆದುಹಾಕಲಾಗದ ಕಂಪನಿಯ ಸರಕುಗಳು ತುಂಬಿದ್ದವು. ಭಾಯಿ ಒಂದು ಕವಲು ವಾಯರು ತಂದು, ಒಂದು ಕವಲಿಗೆ ಪೆನ್‌ಡ್ರೈವ್, ಇನ್ನೊಂದಕ್ಕೆ ಚಾರ್ಜರು ಹಾಕಿದರು. ಆಮೇಲೆ ನಾನು ಕನ್ನಡದಲ್ಲಿ ಹೆಸರಿಟ್ಟ ವಿಡಿಯೊಗಳೆಲ್ಲ ಖಾಲಿ ಚೌಕಗಳ ಸಾಲಾಗಿ ಕಂಡವು. ಸ್ವಾತಂತ್ರ್ಯದ ಹೆಸರಿನಲ್ಲಿ ಕಟ್ಟಿದ ತಂತ್ರಾಂಶಕ್ಕೂ ನಮ್ಮ ಲಿಪಿ ನೆನಪಾಗಿರಲಿಲ್ಲವಲ್ಲ ಎಂದು ನೊಂದುಕೊಂಡೆ. ಅಕ್ಷರಶೈಲಿ ಬದಲಿಸುವ ಒಂದು ಆಯ್ಕೆ ಒಳಗೆಲ್ಲೋ ಅಡಗಿತ್ತು. ಮೂರನೆಯ ದಿನ ಅದು ಸಿಕ್ಕಿ, ಚೌಕಗಳೆಲ್ಲ ಒಮ್ಮೆಲೇ ಕನ್ನಡವಾದಾಗ ಭಾಯಿ ಪಕ್ಕದ ಹೋಟೆಲಿಗೆ ಕೂಗಿ ಎರಡು ಚಹಾ ತರಿಸಿದರು. ದೇವಸ್ಥಾನದ ಕಡೆಯಿಂದ ಕಾಲೇಜು ಬಿಟ್ಟ ಹುಡುಗಿಯರ ಗದ್ದಲ, ಬೆಸುಗೆಯ ವಾಸನೆ, ಗಾಜಿನ ಲೋಟದ ಬಿಸಿ. ಆ ಮೂರು ಮಧ್ಯಾಹ್ನಗಳಷ್ಟು ನೆಮ್ಮದಿ ನನಗೆ ಯಾವ ಜಯಘೋಷದಲ್ಲೂ ಸಿಕ್ಕಿಲ್ಲ. ಭಾಯಿಯ ಅಂಗಡಿ ಈಗ ಇಲ್ಲ. ಅಲ್ಲಿ ಮೊಬೈಲ್ ಕವರುಗಳನ್ನು ಮಾರುತ್ತಾರೆ.

ನನ್ನ ಕಡ್ಡಿಯನ್ನು ಮೊದಲು ತೋರಿಸಬೇಕೆನಿಸಿದ್ದು ಚಿಗವ್ವನಿಗೆ. ಆಕೆ ನನ್ನ ತಾಯಿಯ ತಂಗಿ. ಕಮಲಾಪುರದಲ್ಲಿ ಮಗ, ಸೊಸೆಯರೊಂದಿಗೆ ಇದ್ದಾಳೆ. ಕೆಂಪು ಬಾಳೆಯ ಒಂದು ತುಂಡು ಹೊಲ, ಎರಡು ಎಮ್ಮೆ, ತುಂಬು ಧ್ವನಿ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಅವಳ ಓಣಿಯ ಸಾರಾಯಿ ಅಂಗಡಿಯನ್ನು ಮುಚ್ಚಿಸಲು ಹೆಂಗಸರು ಸಭೆ ಕೂಡಿದ್ದರು. ನಮ್ಮ ಬಳಗದ ಪರವಾಗಿ ನಾನು ಕ್ಯಾಮೆರಾ ಹಿಡಿದು ಹೋಗಿದ್ದೆ. ಬೇವಿನ ಮರದ ಕೆಳಗೆ ಚಿಗವ್ವ ಎದ್ದು ನಿಂತು ಮಾತಾಡಿದ್ದಳು. ಅವಳ ಜೀವನದ ಒಂದೇ ಒಂದು ಭಾಷಣ ಅದು. ಅಂದು ಕಮಲಾಪುರದ ಹೊರಗಿದ್ದ ಮಗನಾಗಲಿ, ಆಮೇಲೆ ಬಂದ ಸೊಸೆಯಾಗಲಿ ಅದನ್ನು ಕೇಳಿರಲಿಲ್ಲ. ಕೇಳಿದವರು ಒಬ್ಬೊಬ್ಬರಾಗಿ ಇಲ್ಲವಾಗಿದ್ದರು. ಚಿಗವ್ವ "ನಾ ಭಾಷಣ ಮಾಡೀನಿ" ಎಂದಾಗಲೆಲ್ಲ ಮನೆಯಲ್ಲಿ ನಗೆ. ಆ ನಗೆಯಲ್ಲಿ ಕೆಡುಕಿರಲಿಲ್ಲ. ಆದರೆ ಹೆಂಗಸಿನ ಮಾತಿಗೆ ಸಾಕ್ಷಿ ಬೇಕು, ಗಂಡಸಿನ ಮಾತಿಗೆ ಬೇಡ ಎಂಬ ಹಳೆಯ ಅನ್ಯಾಯ ಅದರಲ್ಲಿ ಇದ್ದೇ ಇತ್ತು.

ಆ ಸಭೆಯಿಂದ ನಾನು ಮಾಡಿದ ಕಿರುಚಿತ್ರ ಪೆನ್‌ಡ್ರೈವಿನಲ್ಲಿತ್ತು; ಕಡ್ಡಿಯೊಂದಿಗೆ ಅದನ್ನೂ ಹಿಡಿದು ಕಮಲಾಪುರಕ್ಕೆ ಹೋದೆ. ಚಿಗವ್ವ ಮುಖ ತೊಳೆದು, ಇಳಕಲ್ ಸೀರೆ ಉಟ್ಟು, ಟಿ.ವಿ.ಯ ಎದುರು ಕುರ್ಚಿ ಹಾಕಿಕೊಂಡು ಕುಳಿತಳು. ನೆರೆಯವರನ್ನೂ ಕರೆದಳು. ಚಿತ್ರ ಶುರುವಾಯಿತು. ನನ್ನ ನಿರೂಪಣೆ ಬಂತು, ಘೋಷಣೆಗಳು ಬಂದವು, ಬಳಗದ ಅಧ್ಯಕ್ಷೆಯ ಮಾತು ಬಂತು. ಕೊನೆಗೆ ಚಿಗವ್ವ ಕಾಣಿಸಿಕೊಂಡು, "ಅಂಗಡಿ ಮುಚ್ಚಬೇಕು, ಖರೇ ಮಾತು," ಎಂದಳು. ಅಷ್ಟೇ. ಮತ್ತೆ ಘೋಷಣೆ.

"ಮುಗೀತಾ?" ಎಂದ ಮಗ. "ಯವ್ವಾ, ಇದಕ್ಕ ಇಪ್ಪತ್ತು ವರ್ಷ ಹೇಳ್ಕೋತ ಬಂದಿ?"

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೆರೆಯವರು ಬಾಳೆಹಣ್ಣು ತಿಂದು ಎದ್ದರು. ಚಿಗವ್ವ ನನ್ನ ಕಡೆ ತಿರುಗಿದಳು.

"ಯವ್ವಾ, ನಾ ಬಾಳ ಮಾತಾಡಿದ್ದೆ. ನಿನ್ನ ಮುಂದೇ ಮಾತಾಡೀನಿ. ಉಳಿದದ್ದು ಎಲ್ಲಿ ಹೋಯ್ತು?"

ಉಳಿದದ್ದನ್ನು ನಾನು ಕತ್ತರಿಸಿದ್ದೆ. ಇದೇ ನನ್ನ ತಪ್ಪು. ಇದನ್ನು ನೇರವಾಗಿ ಬರೆಯುತ್ತೇನೆ. ಚಿಗವ್ವನ ಮಾತು ನಮ್ಮ ಹೋರಾಟದ ಗೆರೆಯಲ್ಲಿ ನಡೆಯಲಿಲ್ಲ. ಅವಳು ಗಂಡನ ಸುದ್ದಿ ತೆಗೆದಳು, ಎಮ್ಮೆಯ ಸುದ್ದಿ ತೆಗೆದಳು, ಹೆಂಗಸರು ನಕ್ಕರು. ಚಳವಳಿಯ ಗಾಂಭೀರ್ಯ ಕೆಡುತ್ತಿದೆ ಎನಿಸಿ ನಾನು ಕ್ಯಾಮೆರಾದ ಗುಂಡಿ ಒತ್ತಿ ಅದನ್ನು ಕಟ್ಟೆಯ ಮೇಲೆ ಇಟ್ಟು, ಮನವಿಪತ್ರ ತಿದ್ದಲು ಆಚೆ ಹೋಗಿಬಿಟ್ಟಿದ್ದೆ. ದನಿಯಿಲ್ಲದವರಿಗೆ ದನಿಯಾಗುತ್ತೇವೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದವಳು ನಾನೇ. ದನಿಯಿದ್ದವಳ ಎದುರು ಕ್ಯಾಮೆರಾ ಕೆಳಗಿಟ್ಟವಳೂ ನಾನೇ. ಅಂದು ಅವಳಿಗೆ, "ಹುಡುಕತೀನಿ ಚಿಗವ್ವಾ," ಎಂದಷ್ಟೇ ಹೇಳಿ ಕಲಬುರಗಿಯ ಬಸ್ಸು ಹತ್ತಿದೆ.

ಮದುವೆ ವಿಡಿಯೊ ತೆಗೆಯುವವರೊಬ್ಬರು ಹಿಂದೆಯೇ ನಮ್ಮ ಟೇಪುಗಳನ್ನೆಲ್ಲ ಒಂದು ಹಾರ್ಡ್‌ಡಿಸ್ಕಿಗೆ ಇಳಿಸಿ ಕೊಟ್ಟಿದ್ದರು. ಕತ್ತರಿಸದ ಮೂಲ ಅದರಲ್ಲಿತ್ತು. ಟಿ.ವಿ.ಗೆ ನೇರ ಚುಚ್ಚಿದರೆ 'ಈ ಕಡತವನ್ನು ತೆರೆಯಲಾಗದು' ಎಂದಿತು. ಕಂಪನಿಗಳಿಗೆ ಹಳೆಯದೆಂದರೆ ಸತ್ತದ್ದು, ಹೊಸದನ್ನು ಮಾರಬೇಕಲ್ಲ. ಆದರೆ ಕಡ್ಡಿಯೊಳಗಿನ ಮುಕ್ತ ತಂತ್ರಾಂಶ ಆ ಹಳೆಯ ಕ್ಯಾಮೆರಾದ ಕಡತವನ್ನು ತಕರಾರಿಲ್ಲದೆ ತೆರೆಯಿತು. ಯಾರೋ, ಯಾವುದೋ ದೇಶದಲ್ಲಿ, ಬಳಕೆ ತಪ್ಪಿದ ಕ್ಯಾಮೆರಾಗಳ ಭಾಷೆಯನ್ನು ಮರೆಯದೆ ಬರೆದಿಟ್ಟಿದ್ದರು. ಅವರ ಮುಖ ನಾನು ನೋಡಿಲ್ಲ, ಅವರಿಗೆ ಋಣಿ.

ಚಿಗವ್ವ ಎದ್ದು ನಿಂತು ಎಮ್ಮೆಯ ಸುದ್ದಿ ತೆಗೆಯುವವರೆಗೆ ನೋಡಿದೆ. ಕ್ಯಾಮೆರಾ ವಾಲಿತು, ನೆಲ ಕಾಣಿಸಿತು. ಹಿಂದೆ ಕತ್ತರಿಸುವಾಗ ನಾನು ಇಲ್ಲಿಗೇ ಮುಗಿಯಿತೆಂದು ಬಿಟ್ಟಿದ್ದೆ. ಈಗ ಪರದೆಯ ಅಡಿಯ ಗೆರೆ ನೋಡಿದರೆ ಇನ್ನೂ ಹನ್ನೆರಡು ನಿಮಿಷ ಬಾಕಿ ಇತ್ತು. ನಾನು ಅವಸರದಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದ್ದಿರಬೇಕು. ನಿಂತದ್ದು ಮತ್ತೆ ಶುರುವಾಗಿತ್ತು. ನೆಲದ ಚಿತ್ರದ ಹಿಂದೆ ಚಿಗವ್ವನ ದನಿ ಸಾಗುತ್ತಲೇ ಇತ್ತು. ನಾನು ತಕ್ಷಣ ನಿಲ್ಲಿಸಿದೆ. ಅದನ್ನು ಮೊದಲು ಕೇಳಬೇಕಾದವಳು ಅವಳು.

ಮುಂದಿನ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕಮಲಾಪುರದಲ್ಲಿ ಮತ್ತೆ ಕಡ್ಡಿ ಚುಚ್ಚಿದೆ. ಈ ಸಲ ಚಿಗವ್ವ ಸೀರೆ ಬದಲಿಸಲಿಲ್ಲ, ಯಾರನ್ನೂ ಕರೆಯಲಿಲ್ಲ. ಬಾಗಿಲ ಬಳಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಪರದೆ ತೆರೆದಾಗ ಸೊಸೆಗೆ ನಗೆ ತಡೆಯಲಾಗಲಿಲ್ಲ. ಕಡತದ ಹೆಸರನ್ನು ನೋಡಿ ತಂತ್ರಾಂಶ ತಾನೇ ಅಂತರ್ಜಾಲದಲ್ಲಿ ಹುಡುಕಿ, ಯಾವುದೋ ವಿದೇಶಿ ಸಿನಿಮಾದ ಭಿತ್ತಿಚಿತ್ರವನ್ನು ಅದಕ್ಕೆ ಅಂಟಿಸಿತ್ತು. ಹಿಮದ ಬೆಟ್ಟ, ಬಂದೂಕು ಹಿಡಿದ ಗಡ್ಡದವ.

"ಅತ್ತಿ, ಈ ಬಂದೂಕದಾಂವ ಯಾರ್ರೀ? ಮಾವನೋರೇನು?"

"ನಿಮ್ಮ ಮಾವಗ ಕುಡಗೋಲ ಹಿಡೀಲಾಕೂ ಬರ್ತಿದ್ದಿಲ್ಲ," ಎಂದಳು ಚಿಗವ್ವ, ತಲೆ ಎತ್ತದೆ.

ಚಿತ್ರ ಶುರುವಾಗಿ ಸ್ವಲ್ಪ ಹೊತ್ತಿಗೆ ತಡವರಿಸತೊಡಗಿತು. ಕಡ್ಡಿ ಕಾವಲಿಯಂತೆ ಕಾದಿತ್ತು. ನಿಲ್ಲಿಸಿ, ಚಿಗವ್ವನ ಮಗನ ಮೊಬೈಲಿನ ದಪ್ಪ ಚಾರ್ಜರಿಗೆ ಬದಲಿಸಿದೆ. ಸೊಸೆ ಬೀಸಣಿಗೆಯಿಂದ ಟಿ.ವಿ.ಯ ಬೆನ್ನಿಗೆ ಗಾಳಿ ಹಾಕಿದಳು. ಮತ್ತೆ ಒತ್ತಿದಾಗ ತಂತ್ರಾಂಶ ಕೇಳಿತು: ಮೊದಲಿನಿಂದಲೋ, ನಿಲ್ಲಿಸಿದಲ್ಲಿಂದಲೋ?

"ಏನ್ ಕೇಳಾಕತ್ತದ ಅದು?" ಎಂದಳು ಚಿಗವ್ವ.

"ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡ್ಲೇನು ಅಂತ ಕೇಳ್ತದ, ಚಿಗವ್ವಾ."

"ನಿನಕ್ಕಿಂತ ಶಾಣ್ಯಾ ಅದ ಬಿಡು."

ನಾನು ಗುಂಡಿ ಒತ್ತಿದೆ.

ಪರದೆಯ ಮೇಲೆ ಚಿಗವ್ವ ಎದ್ದು ನಿಂತಳು. ಇಪ್ಪತ್ತು ವರ್ಷ ಕಿರಿಯಳು, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು. "ಅಂಗಡಿ ಮುಚ್ಚಬೇಕು, ಖರೇ ಮಾತು. ನನ್ನ ಮನ್ಯಾಗೂ ಕುಡಿಯೋರು ಅದಾರ, ಮುಚ್ಚಿಟ್ಟು ಏನ್ ಮಾಡ್ಲಿ? ನಮ್ಮ ಯಜಮಾನ ಮೊನ್ನಿ ಮನೀ ಬಾಗಲಾ ಅಂತ ತಿಳದು ಎಮ್ಮಿ ಕೊಟ್ಟಿಗಿ ಬಡದಾನ. ಎಮ್ಮಿ ತೆಗೀಲಿಲ್ಲ. ಎಮ್ಮಿಗಿ ಇದ್ದ ಬುದ್ಧಿ ನನಗ ಇರಲಿಲ್ಲ ನೋಡ್ರಿ." ಹೆಂಗಸರ ನಗೆ ಅಲೆಯಾಗಿ ಎದ್ದಿತು. ಅದರ ನಡುವೆ ನನ್ನ ದನಿ, ನನ್ನದೇ ಎಂದು ನಂಬಲಾಗದಷ್ಟು ಚೂಪಾಗಿ: "ಚಿಗವ್ವಾ, ವಿಷಯಕ್ಕ ಬಾ. ಟೇಪ್ ಖರ್ಚಾಗಾಕತ್ತದ."

ಕ್ಯಾಮೆರಾ ವಾಲಿತು. ಮರದ ಕೊಂಬೆ, ಆಕಾಶ, ಆಮೇಲೆ ನೆಲ. ಕಟ್ಟೆಯ ಅಂಚಿನಿಂದ ಕಾಣುವಷ್ಟು ನೆಲ: ಜಮಖಾನೆಯ ತುದಿ, ಬಾಳೆಹಣ್ಣಿನ ಒಂದು ಗೊನೆ, ಹತ್ತಾರು ಹೆಂಗಸರ ಪಾದಗಳು. ಚಿಗವ್ವನ ದನಿ ನಿಂತಿರಲಿಲ್ಲ.

"ವಿಷಯಕ್ಕೇ ಬರಾಕತ್ತೀನಿ, ತಡಿ. ಅಂಗಡ್ಯಾಗ ಪಾಕೀಟು ಮಾರಾಕ ಕುಂತಾಕಿ ಯಾರು? ಗಂಡ ಸತ್ತಾಕಿ. ಹೋದ ವರ್ಷದ ತನಕಾ ನಮ್ಮ ಹೊಲಕ್ಕ ಕಳಿ ತೆಗೀಲಾಕ ಬಂದಾಕಿ. ಅಂಗಡಿ ಆಕೀದಲ್ಲ. ಗುತ್ತೇದಾರ ಮಾಳಿಗಿ ಮನ್ಯಾಗ ಫ್ಯಾನ್ ಹಚ್ಕೊಂಡು ಕುಂತಾನ. ನೀವು ಧಿಕ್ಕಾರ ಅಂದ್ರಿ. ಅದು ಯಾರ ಕಿವಿಗಿ ಬಿತ್ತು? ಆಕಿ ಕಿವಿಗೇ ಬಿತ್ತು. ಅಂಗಡಿ ಮುಚ್ಚಸೋಣು. ಬೀಗಾ ನಾನೇ ಹಾಕ್ತೀನಿ. ಆದ್ರ ಮರುದಿನ ಆಕಿ ಒಲಿ ಹೆಂಗ ಹೊತ್ತಬೇಕು, ಅದನ್ನ ಇವತ್ತೇ ಮಾತಾಡ್ರಿ. ಇಲ್ಲಂದ್ರ ನಾನು ಬೀಗ ಮುಟ್ಟಂಗಿಲ್ಲ."

ದನಿ ಹಾಗೆಯೇ ಸಾಗಿತು. ಯಾರ ಮನೆಯಲ್ಲಿ ಕೂಲಿ ಕೊಡಬಹುದು, ಯಾರು ಜೋಳ ಕೊಡಬಹುದು ಎಂದು ಅವಳು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳುತ್ತಿದ್ದಳು. ಉತ್ತರಗಳೂ ಕೇಳಿಸುತ್ತಿದ್ದವು, ಅರೆಮನಸ್ಸಿನವು, ಪೂರ್ಣಮನಸ್ಸಿನವು. ನಮ್ಮ ಬಳಗದ ಯಾವ ಮನವಿಪತ್ರದಲ್ಲೂ ಆ ಗುತ್ತೇದಾರನ ಹೆಸರಿರಲಿಲ್ಲ. ನಾವು ಅಂಗಡಿಯ ಮುಂದೆ ಕೂಗಿದ್ದೆವು, ಮಾಳಿಗೆ ಮನೆಯ ಮುಂದಲ್ಲ. ಇಪ್ಪತ್ತು ವರ್ಷ ತಡವಾಗಿ, ಬಾಗಿಲ ಬಳಿ ಅಕ್ಕಿ ಹಿಡಿದು ಕುಳಿತವಳಿಂದ ನಾನು ಇದನ್ನು ಕಲಿಯುತ್ತಿದ್ದೆ.

ಚಿಗವ್ವ ಯಾವಾಗಲೋ ಎದ್ದು ಟಿ.ವಿ.ಯ ಹತ್ತಿರ ಬಂದಿದ್ದಳು. ಪಾದಗಳನ್ನು ಬೆರಳಿನಿಂದ ಮುಟ್ಟುತ್ತ ಹೇಳತೊಡಗಿದಳು. "ಇವು ನನ್ನವು. ಹಿಮ್ಮಡಿ ನೋಡು, ಹೊಲದ ಬಿರುಕು. ಇಕಿ ಮೂಲಿಮನಿ ಮುದುಕಿ, ಬೆಳ್ಳಿ ಕಡಗ ಇಕಿ ಒಬ್ಬಾಕಿಗೇ ಇತ್ತು. ಇಕಿ ನಮ್ಮ ನೆಗೆಣ್ಣಿ, ಹೋಗಿ ಆರು ವರ್ಷಾತು." ಇಲ್ಲವಾದವರೆಲ್ಲ ಪಾದಗಳಾಗಿ ಅಲ್ಲಿದ್ದರು, ಒಬ್ಬಳು ಹೆಬ್ಬೆರಳಿನಿಂದ ಮಣ್ಣು ಕೆದರುತ್ತಿದ್ದಳು, ಒಬ್ಬಳ ಕಾಲ ಮೇಲೆ ಇರುವೆ ಹತ್ತುತ್ತಿತ್ತು. ಮುಖಗಳನ್ನು ಚಿತ್ರಿಸಿದ್ದರೆ ಎಲ್ಲರೂ ಕ್ಯಾಮೆರಾ ನೋಡಿ ಬಿಗಿಯುತ್ತಿದ್ದರು. ಪಾದಗಳಿಗೆ ಆ ಎಚ್ಚರ ಇರಲಿಲ್ಲ.

ಚಿಗವ್ವನ ಬೆರಳು ಪರದೆಯ ಬಲತುದಿಗೆ ಬಂದು ನಿಂತಿತು. ಜಮಖಾನೆಯಿಂದ ದೂರ, ಮರದ ಬೇರಿನ ಆಚೆ, ಒಂದು ಜೊತೆ ಪಾದ. ಚಪ್ಪಲಿ ಇಲ್ಲ. ಕಾಲುಂಗುರ ಇಲ್ಲ.

"ಇದು ಆಕಿ."

"ಯಾರು?" ಎಂದೆ.

"ಅಂಗಡ್ಯಾಗ ಕುಂತಾಕಿ. ಅಲ್ಲೇ ನಿಂತಿದ್ದಳು, ಗಿಡದ ಮರೆಗಿ. ನಾ ಎದ್ದು ನಿಂತಾಗ ಕಂಡ್ಳು. ನೀನು ಬರಕೊಟ್ಟ ಧಿಕ್ಕಾರದ ಚೀಟಿ ನನ್ನ ಕೈಯಾಗೇ ಇತ್ತು, ಯವ್ವಾ. ಆಕಿ ಮುಖ ನೋಡ್ಕೋತ ಅದನ್ನ ಹೆಂಗ ಓದಲಿ? ಮೊದಲ ಒಂದಿಷ್ಟು ನಗಿಸಿದೆ. ಆಮ್ಯಾಲ ಹೇಳಿದೆ."

ಸೊಸೆಯ ಕೈಯಲ್ಲಿ ಬೀಸಣಿಗೆ ನಿಂತುಹೋಗಿತ್ತು. ಮಗ, "ಅಪ್ಪಾ ಎಮ್ಮಿ ಕೊಟ್ಟಿಗಿ ಬಡದಿದ್ದು ಊರಿಗೆಲ್ಲ ಹೇಳಿ ಬಂದಿದ್ದ್ಯಾ?" ಎಂದ. ಅವನು ಕ್ಷಮೆ ಕೇಳುವ ರೀತಿ ಅದು. ಚಿಗವ್ವನಿಗೆ ಅದು ಅರ್ಥವಾಯಿತು.

"ಹನ್ನೆರಡು ನಿಮಿಷ ಮಾತಾಡೀನಿ, ಎಣಿಸ್ಕೋ," ಎಂದಳು.

ನಾನು ಕ್ಷಮೆಯನ್ನು ನನ್ನ ರೀತಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಕೇಳಿದೆ. ಅವಳು ಅರ್ಧಕ್ಕೇ ತಡೆದಳು. "ವಿಷಯಕ್ಕ ಬಾ," ಎಂದಳು. ಸೊಸೆ ಮೊದಲು ನಕ್ಕಳು, ಆಮೇಲೆ ನಾವೆಲ್ಲ. ವಿಷಯವೆಂದರೆ ಆ ಬಂದೂಕಿನವನನ್ನು ತೆಗೆಯುವುದು. ಈ ತಂತ್ರಾಂಶದಲ್ಲಿ ಮುಖಚಿತ್ರವನ್ನು ನಮಗೆ ಬೇಕಾದಂತೆ ಬದಲಿಸಬಹುದು ಎಂದು ಹೇಳಿದೆ. ಸೆರಗು ಸಿಕ್ಕಿಸಿ ನಿಂತ ಅವಳ ಚಿತ್ರವನ್ನೇ ಹಾಕೋಣವೆಂದೆ. ಅವಳು ಒಪ್ಪಲಿಲ್ಲ. ಎಲ್ಲ ಪಾದಗಳೂ ಇರುವ ಚಿತ್ರ ಬೇಕೆಂದಳು. ಬಲತುದಿ ಕತ್ತರಿಸಕೂಡದು ಎಂದು ಎರಡು ಸಲ ಹೇಳಿದಳು.

ಆಮೇಲೆ ಅಂಗಡಿಯವಳ ಕಥೆ ಕೇಳಿದೆ. ಒಂದು ವರ್ಷ ಚಿಗವ್ವನ ಹೊಲ, ಆಮೇಲೆ ನಂದೂರಿನ ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಕೆಲಸ, ಈಗ ತಾಜಸುಲ್ತಾನಪುರದಲ್ಲಿ ಮಗಳ ಮನೆ. ನನ್ನ ಮನೆಯಿಂದ ಆಟೊದಲ್ಲಿ ಹೋಗಿ ಬರುವಷ್ಟು ಹತ್ತಿರ. ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದರೂ ನಾನು ಅವಳನ್ನು ವಿಚಾರಿಸಿರಲಿಲ್ಲ. ಅಂಗಡಿ ಮುಚ್ಚಿದ ದಿನವೇ ನಮ್ಮ ಕಡತವೂ ಮುಚ್ಚಿತ್ತು.

ಚಿಗವ್ವನನ್ನು ಕರೆದುಕೊಂಡು ಒಂದು ದಿನ ಅಲ್ಲಿಗೆ ಹೋದೆ. ಕಡ್ಡಿ, ವಾಯರು, ದಪ್ಪ ಚಾರ್ಜರು ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡಿದ್ದೆ. ಬಾಗಿಲು ತೆರೆದ ಹೆಂಗಸಿಗೆ ನಮ್ಮಿಬ್ಬರಲ್ಲಿ ಒಬ್ಬಳ ಗುರುತು ಮಾತ್ರ ಹತ್ತಿತು. ಚಿಗವ್ವನ ಎರಡೂ ಕೈ ಹಿಡಿದು ಒಳಗೆ ಕರೆದು ಚಾಪೆ ಹಾಸಿದಳು. ನಾನು ಟಿ.ವಿ. ಎಲ್ಲಿದೆ ಎಂದು ನೋಡುತ್ತಿದ್ದೆ. ಅಷ್ಟರಲ್ಲಿ ಚಿಗವ್ವ ಕೇಳಿಯೇಬಿಟ್ಟಳು.

"ನಮ್ಮ ಮನ್ಯಾಗ ಇಷ್ಟು ದಿನ ಯಾರೂ ನಂಬಿದ್ದಿಲ್ಲ. ನೀ ಹೇಳು. ಅವತ್ತು ಬೇವಿನ ಗಿಡದ ಬುಡಕ ನಾ ಮಾತಾಡಿದ್ದೆನೋ ಇಲ್ಲೋ?"

"ಮಾತಾಡಿದ್ದಿ," ಎಂದಳು ಅವಳು. "ನಾ ಕೊನೀತನಕ ನಿಂತು ಕೇಳೀನಿ."

ಚೀಲದ ಬಾಯಿಯನ್ನು ನಾನು ಮತ್ತೆ ಮುಚ್ಚಿದೆ. ಚಹಾ ಬರುವವರೆಗೆ ಅವರಿಬ್ಬರೂ ಆ ಎಮ್ಮೆಯ ಬಗ್ಗೆಯೇ ಮಾತಾಡಿದರು.